ಒರೆಸುವ ಹೊತ್ತು

ವಾಸ್ಕೋದ ಗುಡ್ಡದ ಮೇಲೆ, ಡೀಸೆಲ್ ವಾಸನೆ ಇನ್ನೂ ಬಿಡದ ಗೋದಾಮು
ಈಗ ನೌಕಾ ವಸ್ತುಸಂಗ್ರಹಾಲಯ.
ಒಡೆದು ಗುಜರಿಗೆ ಹೋದ ಹಡಗೊಂದನ್ನು
ಐವತ್ತೈದು ಇಂಚಿನ ಗಾಜಿನಲ್ಲಿ
ಮತ್ತೆ ತೇಲಿಸುವುದು ನನ್ನ ಕೆಲಸ.

ಮುಟ್ಟಬೇಡಿ, ಮುಟ್ಟಬೇಡಿ ಎಂಬ ಹಲಗೆಗಳ ನಡುವೆ
ಇದೊಂದೇ 'ಮುಟ್ಟಿ' ಎನ್ನುತ್ತದೆ, ನಾಲ್ಕು ಭಾಷೆಯಲ್ಲಿ.
ಆ ನಾಲ್ಕರಲ್ಲಿ ಕನ್ನಡವಿಲ್ಲ. ನಾನೂ ಕೇಳಲಿಲ್ಲ.

ಬೆರಳುಗಳ ಅಗಲ ಅಳೆದೆ: ಮಗುವಿನದು, ಮುದುಕರದು,
ಮಳೆಗಾಲಕ್ಕೆ ಬೆವೆತದ್ದು,
ಸೀಗಡಿ ಸುಲಿದು ಸುಲಿದು ಗೆರೆ ಸವೆದದ್ದು.
ಫಿರಂಗಿಯ ಗುಂಡಿ ದೊಡ್ಡದು ಮಾಡಿದೆ. ಎಂಜಿನ್ನಿನದೂ.
ಕಪ್ತಾನರು ಅಂಗೈಯಷ್ಟು.
ಸಿಬ್ಬಂದಿಯ ನೂರಾ ಹನ್ನೆರಡು ಮುಖ
ಹುದ್ದೆಯ ಇಳಿಜಾರಿನಲ್ಲಿ ಕಿರಿದಾಗುತ್ತ ಕಿರಿದಾಗುತ್ತ
ಕೆಳಗೆ, ಬಲಮೂಲೆಗೆ ಬಂದು ಮುಗಿದವು.

ತಿಂಗಳ ಲೆಕ್ಕ ತೆಗೆದರೆ
ಎಲ್ಲರೂ ಒತ್ತಿದ್ದು ಫಿರಂಗಿಯನ್ನೇ.
ಢಂ. ಮತ್ತೊಮ್ಮೆ ಢಂ. ಆಮೇಲೆ ಸೆಲ್ಫಿ.
ಅಡುಗೆಕೋಣೆಗೆ ಹನ್ನೊಂದು ಜನ.
ರೋಗಿಗಳ ಕೋಣೆಗೆ ನಾನೊಬ್ಬಳೇ, ಪರೀಕ್ಷೆಗೆಂದು.

ಆದರೆ ದಿನಾ ಆರೂ ಹತ್ತಕ್ಕೆ, ಬಾಗಿಲು ಹಾಕಿದ ಮೇಲೆ,
ಯಾರೋ ಹಡಗನ್ನೆಲ್ಲ ಓದಿ ಹೋಗಿದ್ದರು.
ಎಲ್ಲ ಡೆಕ್ಕು, ಎಲ್ಲ ಮುಖ, ಒಂದೂ ಬಿಡದೆ,
ನಲವತ್ತು ಸೆಕೆಂಡಿನಲ್ಲಿ.
ಬಲಮೂಲೆ ಮಾತ್ರ ಎರಡೆರಡು ಸಲ.

ಕಾದು ನಿಂತೆ.
ನೀಲಿ ಬಕೆಟ್ಟು, ಒದ್ದೆ ಬಟ್ಟೆ, ಹುಲಿಗೆವ್ವ.
ಕುಷ್ಟಗಿ ಕಡೆಯವಳು; ಈಗ ಬೈನಾದಲ್ಲಿ ತಗಡಿನ ಮನೆ.
ಗೋಡೆ ಸಾರಿಸಿದ ಹಾಗೆ
ಮೇಲಿಂದ ಕೆಳಕ್ಕೆ ಕೈಯಾಡಿಸುತ್ತ ಬಂದಳು;
ಬಟ್ಟೆಯಡಿ ಒಬ್ಬೊಬ್ಬರೇ ಎದ್ದು, ಹೆಸರು ಹೇಳಿ,
ಮತ್ತೆ ಮಲಗಿದರು.

"ಈ ಮೂಲ್ಯಾಗಿನ ಹುಡುಗನ್ನ ನೋಡ್ರಿ,
ಒರಸಿದ ಕೂಡ್ಲೆ ದೊಡ್ಡಾಂವ ಆಗಿ ನಿಂದರ್ತಾನ.
ನೋಡೂದರಾಗ ಹೋಗಿಬಿಡ್ತಾನ, ಅದಕ ಇನ್ನೊಮ್ಮಿ ಒರಸ್ತೀನಿ.
ಯಾರಿಂವ?"

ಓದಿ ಹೇಳಿದೆ. ಮಂಗತರಾಮ. ಹತ್ತೊಂಬತ್ತು ವರ್ಷ. ಟೋಪಾಸ್.
"ಅಂದ್ರ?"
ಹಡಗಿನ ಪಾಯಿಖಾನೆ ತೊಳೆಯುವವನು, ಅಂದೆ.
ಅವಳು ಬಟ್ಟೆ ಹಿಂಡಿದಳು. ನೀರು ಬಕೆಟ್ಟಿಗೆ ಬಿದ್ದು ನಿಲ್ಲುವತನಕ
ಮಾತಿಲ್ಲ.
"ಊರು?"
ಊರು ಕಡತದಲ್ಲಿತ್ತು.
ಗುಂಡಿ ಸಣ್ಣದೆಂದು ನಾನೇ ಬಿಟ್ಟಿದ್ದೆ.

ಕಮಾಂಡರ್ ಪೆಡ್ಣೇಕರರ ಪತ್ರ ಬಂತು:
ಒರೆಸುವ ಹೊತ್ತಿಗೆ ಪರದೆ ಸತ್ತಂತಿರಬೇಕು, ಲೆಕ್ಕ ಕೆಡುತ್ತಿದೆ.
ಸರಿಯೇ. ಆರರಿಂದ ಆರೂವರೆಯವರೆಗೆ
ಗಾಜು ಯಾವ ಕೈಯನ್ನೂ ಅರಿಯದ ಹಾಗೆ
ಬೀಗ ಬರೆದೆ, ಮೂರೇ ಸಾಲು,
ಬಲಮೂಲೆಯಲ್ಲಿ
ಮಡಿಸಿದ ಬಟ್ಟೆಯಷ್ಟು ಜಾಗ ಬಿಟ್ಟು.

ಊರಿನ ಹೆಸರು ಈಗ ಇದೆ.
ಓದಿ ಹೇಳುವುದಕ್ಕೆ
ಆರೂ ಹತ್ತಕ್ಕೆ ಅಲ್ಲಿರಬೇಕು ನಾನು.