ತಳದಲ್ಲಿ ಹನ್ನೆರಡು ಸಾಲು

ಬೈತಖೋಲ ಬಂದರಿನಲ್ಲಿ, ಐಸ್ ಕಾರ್ಖಾನೆಯ ಹಿಂಬದಿ,
ವಯರ್‌ಲೆಸ್ ರಿಪೇರಿಯ ನನ್ನ ಎಂಟಡಿ ಅಂಗಡಿ.
ಜುಲೈ. ಬಲೆ ಇಳಿಸುವಂತಿಲ್ಲ. ಟ್ರಾಲರುಗಳೆಲ್ಲ
ಹಗ್ಗಕ್ಕೆ ಹಗ್ಗ ಬಿಗಿದುಕೊಂಡು ಒಂದಕ್ಕೊಂದು ಮೈ ತಿಕ್ಕುತ್ತಿವೆ.
ಮೇಜಿನ ಮೇಲೆ 'ನರಸಿಂಹಕೃಪಾ'ದ ಪೆಟ್ಟಿಗೆ:
ಅಂಗೈಯಷ್ಟು ಬೋರ್ಡು, ಅದರೊಳಗೊಂದು ಲಿನಕ್ಸು,
ಬಾಲದಂಥ ತಂತಿ, ತಂತಿಯ ತುದಿಗೆ ತೇಲುಗುಂಡು.
ದೋಣಿಯ ಹೊಟ್ಟೆಗೆ ನೀರು ನುಗ್ಗಿದರೆ ಗುಂಡು ಏಳಬೇಕು,
ಪೆಟ್ಟಿಗೆ ಕೂಗಬೇಕು. ಕೆಲಸ ಇಷ್ಟೇ.

ಮೇ ತಿಂಗಳಲ್ಲಿ ಕೂಗಲಿಲ್ಲ.

ಖಲಾಸಿ ಹುಡುಗ ಅದೇ ಪೆಟ್ಟಿಗೆಯಲ್ಲಿ ಸಿನಿಮಾ ಹಚ್ಚಿದ್ದ.
ಮೆಮೊರಿ ತುಂಬಿತು; ಯಾರನ್ನಾದರೂ ಕೊಲ್ಲಲೇಬೇಕಾದ ಕರ್ನಲ್
ಸಿನಿಮಾವನ್ನು ಬಿಟ್ಟು ನನ್ನ ಕಾವಲುಗಾರನನ್ನು ಕೊಂದಿತು.
ಮೊದಲು ನೋಡಿದವನು ಅಡುಗೆಯ ಪಾಂಡು,
ಅದೂ ಕಾಲ ಬಳಿ ತೇಲಿಬಂದ ಈರುಳ್ಳಿಯನ್ನು.

"ಎಂತಕ್ಕೆ ಹೊರಗಿಟ್ಟೆ ತಂಗಿ?" ಶಾಬಾ ಬಾನಾವಳಿ ಕೇಳಿದರು.
"ಒಳಗೇ ಜಡಿ. ಅಡಿಮರಕ್ಕೆ ಮೊಳೆ ಹೊಡೆದ ಹಾಗೆ.
ಸೈರನ್ನು, ಫೋನಿಗೆ ಹೋಗುವ ಮೆಸೇಜು,
'ಉದಾಕ್ ಉದಾಕ್' ಅಂತ ಕೊಂಕಣಿಯಲ್ಲಿ ಒದರುವ ಆ ದನಿ, ಪೂರಾ."

ಮೂರು ದಿನ ಆ ಮಾತಿಗೇ ಜೋತುಬಿದ್ದೆ.
ನೀರು ಕಂಡವರ ಮಾತು. ನಾನು ಕಂಡದ್ದು ಬರೀ ಪರದೆ.

ಆದರೆ ಕರ್ನಲ್ಲಿನೊಳಗೆ ಗೋಡೆಗಳಿಲ್ಲ.
ಅಲ್ಲಿ ನಾನೊಬ್ಬಳು ಎಡವಿದರೆ ಎಲ್ಲರೂ ಬೀಳುತ್ತಾರೆ,
ಜಿಪಿಎಸ್ಸು, ಮೀನು ತೋರುವ ಪರದೆ, ಗಡಿಯಾರ ಕೂಡ.
ಹೊರಗೆ ಸಾಯುವವನು ಒಬ್ಬನೇ ಸಾಯುತ್ತಾನೆ,
ಮುಖಕ್ಕೆ ನೀರು ಚಿಮುಕಿಸಿದರೆ ಎದ್ದೂ ಬರುತ್ತಾನೆ.
ಮತ್ತೆ ಆ ದನಿ! ನಾಲ್ಕು ಸಲ ಬದಲಿಸಿದ್ದೇನೆ:
ಹೆಂಗಸಿನದು ಬೇಡ ಎಂದು, ಹೆಂಗಸಿನದೇ ಬೇಕು ಎಂದು,
ಝಾರ್ಖಂಡದ ಹುಡುಗರು ಬಂದರು, ಹಿಂದಿ ಹಾಕು ಎಂದು.
ಅಡಿಮರಕ್ಕೆ ಜಡಿದದ್ದನ್ನು ಬದಲಿಸುವುದಾದರೆ
ಪ್ರತಿ ಸಲವೂ ದೋಣಿಯನ್ನು ಮರಳಿಗೆ ಎಳೆಯಬೇಕು.

ನಾಲ್ಕನೆಯ ರಾತ್ರಿ ಕರೆಂಟು ಹೋಯಿತು.
ಮಳೆ ಹೊಳವಾದಾಗ ದೇವಗಡದ ದೀಪ
ಕಿಟಕಿಯ ಸರಳುಗಳನ್ನು ಎಣಿಸಿ ಹೋಗುತ್ತಿತ್ತು.
ಇಲ್ಲಿ ಬಂಡೆ. ಅದಕ್ಕೆ ಗೊತ್ತಿರುವುದು ಅಷ್ಟೇ.
ಎಡಕ್ಕೆ ತಿರುಗು ಅನ್ನುವುದಿಲ್ಲ, ನಿನ್ನೂರು ಯಾವುದು ಅನ್ನುವುದಿಲ್ಲ,
ಚುಕ್ಕಾಣಿ ಹಿಡಿದವನ ಕೈಗೆ ಚುಕ್ಕಾಣಿ ಬಿಟ್ಟು
ಮತ್ತೊಮ್ಮೆ ಸುತ್ತುತ್ತದೆ.

ಬೆಳಿಗ್ಗೆ ಹನ್ನೆರಡು ಸಾಲು ಒಳಗಿಟ್ಟೆ.
ಗುಂಡು ಎದ್ದಿತೇ? ಹಾಗಾದರೆ ಗಂಟೆ ಹೊಡಿ.
ಎಷ್ಟು ನೀರು, ಯಾರ ಫೋನಿಗೆ, ಯಾವ ಭಾಷೆ,
ನಡುರಾತ್ರಿ ಮಾಲೀಕರನ್ನು ಎಬ್ಬಿಸುವುದೋ ಬೇಡವೋ,
ಆ ಸಾವಿರದಾರುನೂರು ಸಾಲು ಹೊರಗೇ ಇರಲಿ,
ಸಾಯುತ್ತ, ಏಳುತ್ತ, ಜಗಳವಾಡುತ್ತ.

"ಬರೇ ಗಂಟೆಯಾ?" ಶಾಬಾ ಮುಖ ಹುಳಿ ಮಾಡಿದರು.
ಬಕೆಟ್ಟು ತಂದೆ. ಬೇಕೆಂದೇ ಸಿನಿಮಾ ಹಚ್ಚಿದೆವು,
ಒಂದರ ಮೇಲೊಂದು, ಮೂರು. ಹೊರಗಿನ ಕಾವಲುಗಾರ
ಮತ್ತೆ ಸತ್ತ, ಹೇಳದೆ ಕೇಳದೆ. ಶಾಬಾ ಕೊಡ ಬಗ್ಗಿಸಿದರು,
ಗುಂಡು ಎದ್ದಿತು,
ಗಂಟೆ ಹೊಡೆಯಿತು! ಪಕ್ಕದ ದೋಣಿಗಳಿಂದ ತಲೆಗಳು ಹಣಕಿದವು,
ಐಸ್ ಕಾರ್ಖಾನೆಯ ನಾಯಿ ಬೊಗಳಿತು.

ಬಕೆಟ್ಟು ಬರಿದು ಮಾಡಿದೆವು. ಗಂಟೆ ಹೊಡೆಯುತ್ತಲೇ ಇತ್ತು.
"ನಿಲ್ಲಿಸೂದು ಹ್ಯಾಂಗೆ?" ಕಿವಿ ಮುಚ್ಚಿಕೊಂಡು ಶಾಬಾ ಕೂಗಿದರು.

ಅದನ್ನು ನಾನು ಬರೆದಿರಲಿಲ್ಲ.
ಸುಮ್ಮನಾಗುವ ಅಧಿಕಾರ ಒಳಗಿರಬೇಕೋ, ಹೊರಗೋ?
ಕುರ್ಚಿ ಎಳೆದು ಕೂತೆ. ಗಂಟೆ ಹೊಡೆಯುತ್ತಿತ್ತು.