ನಷ್ಟ: ಸೊನ್ನೆ ಪಾಯಿಂಟ್ ಸೊನ್ನೆ ಎರಡು

ಜಾಯಿಂಟಿಗೆ ಇಷ್ಟು ಅಂತ ನನ್ನ ಕೂಲಿ.
ಕೂದಲಷ್ಟೇ ಸಣ್ಣ ಗಾಜಿನ ಎಳೆ;
ತೊಗಟೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ,
ನೆಟ್ಟಗೆ ಕತ್ತರಿಸಿ
ಎರಡು ತುದಿ ಎದುರುಬದುರು ಮಲಗಿಸಿದರೆ
ಮಷೀನಿನ ಹೊಟ್ಟೆಯಲ್ಲಿ ಚಿಟಕ್ಕನೆ ಒಂದು ಕಿಡಿ.
ಕೂಡಿತು.
ನಷ್ಟ, ಅನ್ನುತ್ತದೆ ಪರದೆ,
ಸೊನ್ನೆ ಪಾಯಿಂಟ್ ಸೊನ್ನೆ ಎರಡು.
ಇಷ್ಟು ಕಡಿಮೆ ನಷ್ಟದಲ್ಲಿ ಬೀಗರು ಕೂಡಿದ್ದನ್ನು
ನಾನಂತೂ ಕಂಡಿಲ್ಲ.

ಮಾರ್ಚ್ ಎರಡನೇ ವಾರ, ಅಬ್ಬಿಕಲ್ಲಿನಿಂದ ಫೋನು.
ಫೋನೆಂದರೆ, ಬಂಡೆ ಹತ್ತಿ ನಿಂತು
ರೇಷನ್ ಅಂಗಡಿಯ ಜಲಜಾಕ್ಷಿ ಕೂಗಿದ್ದರಲ್ಲಿ
ನನಗೆ ತಲುಪಿದಷ್ಟು:
"ಪಾಲಾಕ್ಷ... ಜೇಸಿಬಿ... ಹಲ್ಲಿಗೆ...
ನಾಳೆ ಅಕ್ಕಿ... ಬಾ..."
ಉಳಿದದ್ದನ್ನು ನಾನೇ ಸೇರಿಸಿಕೊಂಡೆ.
ಸೇರಿಸುವುದೇ ತಾನೆ ಕಸುಬು.

ಇಲ್ಯಾಸನ ಓಮ್ನಿ ಸಕಲೇಶಪುರ ದಾಟಿ
ಬಿಸಿಲೆ ದಾರಿಗೆ ತಿರುಗುವಾಗ ಹೊತ್ತು ಇಳಿದಿತ್ತು.
ಸೊಂಟದಾಳದ ಗುಂಡಿ,
ಮಣ್ಣಲ್ಲಿ ಸತ್ತ ಹಾವಿನಂತೆ ಕರಿ ಕೇಬಲ್.
ಧೂಳು ಬಿದ್ದರೆ ಬೆಳಕು ಎಡವುತ್ತದೆ ಅಂತ
ಇಲ್ಯಾಸ್ ನನ್ನ ತಲೆ ಬಿಟ್ಟು ಮಷೀನಿಗೆ ಛತ್ರಿ ಹಿಡಿದ.
ಇಪ್ಪತ್ನಾಲ್ಕು ಎಳೆ.
ನೀಲಿಗೆ ನೀಲಿ, ಕಿತ್ತಳೆಗೆ ಕಿತ್ತಳೆ, ಹಸಿರು, ಕಂದು...
ಬಣ್ಣ ತಪ್ಪಿದರೆ ಅಬ್ಬಿಕಲ್ಲಿನ ಅಕ್ಕಿ
ಆಲೂರಿನವರ ತಟ್ಟೆಗೆ ಬಿದ್ದೀತು, ಹುಷಾರು!
ಕತ್ತರಿಸಿದ ಚೂರುಗಳನ್ನು ಅಮೃತಾಂಜನದ ಖಾಲಿ ಬಾಟಲಿಗೆ ಹಾಕುತ್ತೇನೆ.
ಚರ್ಮ ಹೊಕ್ಕರೆ ಕಾಣುವುದಿಲ್ಲ,
ಚುಚ್ಚುವುದು ಮಾತ್ರ ತಿಳಿಯುತ್ತದೆ.

ಅಪ್ಪ ಹಾಸನದಲ್ಲಿ, ಸಾಲಗಾಮೆ ರಸ್ತೆಯ
ಆ ದೊಡ್ಡ ಬಿಳಿ ಬೋಗುಣಿಗಳ ಕೆಳಗೆ
ಕಂಟ್ರಾಕ್ಟಿನಲ್ಲಿ ಹುಲ್ಲು ಕೊಯ್ಯುತ್ತಿದ್ದ.
"ಮೂವತ್ತಾರು ಸಾವಿರ ಕಿಲೋಮೀಟರ್ ಮ್ಯಾಲಿರೋದ್ನ
ಇಲ್ಲಿಂದ್ಲೇ ತಿರುಗಿಸ್ತಾರೆ ಕಣ್ಲಾ,
ಎತ್ತಿನ ಮೂಗುದಾರ ಹಿಡ್ದಂಗೆ" ಅನ್ನುವನು,
ಅವರ ಮಾತಿಗೆ ಅಡ್ಡಿಯಾದೀತೆಂದು
ಕುಡುಗೋಲನ್ನೂ ಮೆಲ್ಲಗೆ ಆಡಿಸುವನು.
ಅಬ್ಬಿಕಲ್ಲು ಅಲ್ಲಿಂದ ನೂರು ಕಿಲೋಮೀಟರೂ ಇಲ್ಲ.
ಆದರೆ ಬೋಗುಣಿಗೆ ಬಾಯಿರುವುದು ಮೇಲಕ್ಕೆ.

ರಾತ್ರಿ ಹನ್ನೊಂದೂವರೆಗೆ ಪಂಚಾಯ್ತಿ ಪೆಟ್ಟಿಗೆ ತೆಗೆದೆವು.
ಉದ್ಘಾಟನೆಯ ಟೇಪು ಇನ್ನೂ ಹಿಡಿಯಲ್ಲೇ ನೇತಾಡುತ್ತಿತ್ತು,
ಒಳಗೆ ಇರುವೆಯ ಸಂಸಾರ.
ಊದಿ, ಒರೆಸಿ, ತುದಿ ಸಿಕ್ಕಿಸಿದೆ.
ಕೆಂಪು ಮಿಣುಕಿತು. ಮಿಣುಕಿತು. ಮಿಣುಕಿತು.
ಇಲ್ಯಾಸ್ ಬೀಡಿ ಹಚ್ಚುವುದಕ್ಕೂ ಅದು ಹಸಿರಾಗುವುದಕ್ಕೂ
ಸರಿಹೋಯಿತು.

ಬೆಳಿಗ್ಗೆ ಸಾಲು. ಒಬ್ಬೊಬ್ಬರೇ ಬೆರಳಿಟ್ಟರು,
ಅಕ್ಕಿ ಚೀಲಕ್ಕೆ ಸುರಿಯಿತು.
ನನಗೆ ಒಂದು ಲೋಟ ಕಾಫಿ, ಮದುಮಗನಿಗೆ ಕೊಟ್ಟಂತೆ.
ಆಮೇಲೆ ಮರಿದ್ಯಾವಮ್ಮ.
ಹೆಬ್ಬೆಟ್ಟಿಟ್ಟಳು.
"ಬೆರಳಚ್ಚು ಹೊಂದಿಕೆಯಾಗುತ್ತಿಲ್ಲ,"
ಯಾರೋ ಓದಿದ ಹೆಂಗಸಿನ ದನಿಯಲ್ಲಿ ಮಷೀನು.
ಸೆರಗಿಗೆ ಒರೆಸಿ ಇಟ್ಟಳು. ಹೊಂದಿಕೆಯಾಗುತ್ತಿಲ್ಲ.
ನಿಂಬೆಹೋಳು ಉಜ್ಜಿ. ಹೊಂದಿಕೆಯಾಗುತ್ತಿಲ್ಲ.
ನಲವತ್ತು ವರ್ಷ ಹಣ್ಣು ಕೊಯ್ದ ಬೆರಳು,
ಗೆರೆಯನ್ನೆಲ್ಲ ಕಾಫಿ ಗಿಡಗಳೇ ಇಟ್ಟುಕೊಂಡಿವೆ.

"ನೆಟ್ಟಿಲ್ಲದಾಗ ನೆಟ್ಟಿಲ್ಲ ಅಂತಿದ್ರಿ," ಅಂದಳು ಜಲಜಾಕ್ಷಿಗೆ,
"ಈಗ ಬಂದದೆ. ಬಂದು
ನಾನು ನಾನಲ್ಲ ಅಂತದೆ."

ಸಾಲಲ್ಲಿ ಯಾರೋ ನಕ್ಕರು. ನಾನು ಕೈ ಹಿಂದಕ್ಕೆ ಕಟ್ಟಿದೆ.
ಸ್ಪಿರಿಟ್ಟು, ಗಾಜು, ಹನ್ನೆರಡು ವರ್ಷ.
ಬ್ಯಾಂಕಿನ ಮಷೀನು ನನ್ನನ್ನೂ ಒಪ್ಪುವುದಿಲ್ಲ
ಅಂತ ಅಲ್ಲಿ ಹೇಳಲು ಬಾಯಿ ಬರಲಿಲ್ಲ.
ಮುದುಕಿ ಮಾತ್ರ ಅದು ಹೇಗೆ ಕಂಡಳೋ,
ಕೈ ಎಳೆದು, ನನ್ನ ಹೆಬ್ಬೆಟ್ಟಿನ ಮೇಲೆ
ತನ್ನದನ್ನು ಒಮ್ಮೆ ಸವರಿ ನೋಡಿದಳು.
"ನಿಂದೂ ಸೌದೋಗದೆ," ಅಂದಳು.
ಎರಡೂ ನುಣುಪು. ಒಂದಿಷ್ಟೂ ತಡೆಯಿರಲಿಲ್ಲ.

ಹತ್ತು ಬೆರಳಲ್ಲಿ ಒಂಬತ್ತು ಸೋತವು.
ಎಡಗೈ ಕಿರುಬೆರಳು,
ಯಾವ ಕೆಲಸಕ್ಕೂ ಬಾರದೆ ಉಳಿದಿದ್ದದ್ದು,
ಅದನ್ನಿಟ್ಟಾಗ
ಹಸಿರು.

ನಾನು ಬಿಲ್ ಬರೆದೆ: ಜಾಯಿಂಟು ಇಪ್ಪತ್ನಾಲ್ಕು.
ನಷ್ಟದ ಕಾಲಮ್ಮಿಗೆ ಪರದೆ ಹೇಳಿದ್ದನ್ನೇ ತುಂಬಿಸಿದೆ.
ಮರಿದ್ಯಾವಮ್ಮ ಚೀಲ ತಲೆಗೇರಿಸಿ,
ಕಿರುಬೆರಳಿಗೆ ಸೆರಗಿನ ತುದಿ ಸುತ್ತಿಕೊಂಡು
ಇಳಿದು ಹೋದಳು.
ಮುಂದಿನ ತಿಂಗಳಿಗೂ ಬೇಕಲ್ಲ.