ಖರ್ಚಿನ ವಹಿ

ಭಾಲ್ಕಿಯ ಗಣಪತರಾವ್ ಮೋಡಿ ಓದುತ್ತಾರೆ,
ಪುಟಕ್ಕೆ ನಲವತ್ತು ರೂಪಾಯಿ, ಚಹಾ ಬೇರೆ.
ಅಜ್ಜಿಯ ಸಂದೂಕದಡಿ ಸಿಕ್ಕ ವಹಿ ಬಿಚ್ಚಿದೆವು:
ಬೀದರಿನಲ್ಲಿ ಬರೀದಶಾಹಿ ಇದ್ದ ಕಾಲ,
ನಮ್ಮೂರ ನಾಡಗೌಡ ಭೋಗಣ್ಣನ ಮನೆಯ ಖರ್ಚು.

ದರಬಾರಿಗೆ ಹೋಗಲು ಮಖಮಲ್ಲಿನ ಅಂಗಿ, ಎರಡು ಹೊನ್ನು.
ಕೋಟೆಬಾಗಿಲವನ ಕೈ ಬಿಸಿ ಮಾಡಲು ಕಾಲು ಹೊನ್ನು.
ಹಿರಿಮಗ ಕಲ್ಲಪ್ಪನಿಗೆ ಫಾರಸಿ ಕಲಿಸುವ ಮುನ್ಷಿಗೆ ಜೋಳ ಆರು ಚೀಲ;
'ಹುಡುಗ ದಡ್ಡ' ಎಂದು ಪಕ್ಕದಲ್ಲೇ ಬರೆದಿದೆ, ಗಣಪತರಾವ್ ನಕ್ಕರು.
ದಾಯಾದಿಗಳೊಡನೆ ಬಾಂದುಕಲ್ಲಿನ ವ್ಯಾಜ್ಯ, ಹನ್ನೊಂದು ವರ್ಷ.
ಕುದುರೆಯ ಹೆಸರು ಗುಲರಂಗ. ಪುಟಪುಟಕ್ಕೂ ಗುಲರಂಗ:
ಅದರ ಹುರುಳಿ, ಅದರ ಲಾಳ, ಅದರ ಹೊಟ್ಟೆನೋವಿಗೆ ಇಂಗು.

"ಹೆಣ್ಣುಮಕ್ಕಳ ಹೆಸರು ಎಲ್ಲಿ?" ಎಂದೆ.
ಕನ್ನಡಕ ಒರೆಸಿದರು. "ಇಲ್ಲ ತಂಗಿ.
'ಸಣ್ಣ ಕೂಸಿಗೆ ಬಳಿ' ಅಂತದ.
'ಸಣ್ಣ ಕೂಸಿಗೆ ಜ್ವರ, ಹಕೀಮನಿಗೆ ಒಂದು ಹೊನ್ನು.'
ಮರುದಿನ, ಬಿಳಿ ಅರಿವೆ, ಮೂರು ಮೊಳ."

ಮೂರು ಮೊಳ.
ಮೇಜಿನ ಕೆಳಗೆ ನನ್ನ ಸೆರಗು ಅಳೆದು ನೋಡಿದೆ.

ಆಮೇಲೆ ಒಂದು ತಿಂಗಳು ಗುಲರಂಗನಿಗೂ ಖರ್ಚಿಲ್ಲ.
ಹಾಳೆ ಖಾಲಿ.
ಆಮೇಲೆ ಒಂದೇ ಸಾಲು, ಅದೇ ಕೈ, ಕೊಂಚ ಓರೆ:
'ಕೆಂಪುಕಲ್ಲು ಕಡಿಯುವವರು ಹದಿನಾಲ್ಕು ಮಂದಿ. ಬಾವಿ.'

ನಮ್ಮ ಹೊಲದ ಮೇರೆಗೆ ಒಂದು ಬಾವಿಯಿದೆ.
ಚಿಕ್ಕವಳಿದ್ದಾಗ ಅದರಲ್ಲಿ ಕೊಡ ತುಂಬಿದ್ದೇನೆ.
ಯಾರೂ ಅದನ್ನು ಗೌಡನ ಬಾವಿ ಎನ್ನುವುದಿಲ್ಲ,
ಚನ್ನಿ ಬಾವಿ ಎನ್ನುತ್ತಾರೆ.
ಯಾವ ಚನ್ನಿ ಎಂದು ಅಜ್ಜಿಗೂ ಗೊತ್ತಿರಲಿಲ್ಲ.

"ಮುಂದಿನ ಪುಟ ಓದಲ್ಯಾ?" ಗಣಪತರಾವ್ ಕೇಳಿದರು.
ಚಹಾ ಆರಿತ್ತು. ಇನ್ನೊಂದು ಹೇಳಿದೆ.